ಅರ್ಥ ಆಯ್ತಾ ಅಂತ ನಾನು ಈಗ ಕೇಳುವುದಿಲ್ಲ

ಕೀಲುರೋಗಗಳ ವಿಭಾಗಕ್ಕೆ ಬಂದ ಹೊಸದರಲ್ಲಿ ನನಗೆ ಈ ಕೆಲಸ ಸುಲಭ ಅನ್ನಿಸಿತ್ತು. ಅದಕ್ಕೂ ಮೊದಲು ಸರ್ಜರಿ ವಾರ್ಡಿನಲ್ಲಿ ಇದ್ದವಳು ನಾನು, ರಾತ್ರಿ ಪಾಳಿ, ಡ್ರೆಸ್ಸಿಂಗು, ಓಡಾಟ. ಇಲ್ಲಿ ರೋಗಿಗಳು ನಡೆದುಕೊಂಡೇ ಬರುತ್ತಾರೆ, ಕುರ್ಚಿಯಲ್ಲಿ ಕೂರುತ್ತಾರೆ, ಡಾಕ್ಟರು ಬರೆದದ್ದನ್ನು ನಾನು ವಿವರಿಸಿ ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ. ಮುಗಿಯಿತು.

ಆ ತಲೆಯಾಡಿಸುವುದೇ ನನಗೆ ಮುಳುವಾಯಿತು.

ಒಬ್ಬ ಹೆಂಗಸಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳು ಊದಿ ನೋಯುತ್ತಾ ಹಾಳಾಗುವ ಸಂಧಿವಾತ, ಅಂತ ಹೊಸದಾಗಿ ಗೊತ್ತಾಗಿತ್ತು. ಮೆಥೊಟ್ರೆಕ್ಸೇಟ್ ಶುರು ಮಾಡಿದ್ದರು. ಈ ಮಾತ್ರೆ ವಾರಕ್ಕೆ ಒಂದೇ ದಿನ. ಅದರ ಅಡ್ಡಪರಿಣಾಮ ತಗ್ಗಿಸಲು ಜೊತೆಗೆ ಕೊಡುವ ಫೋಲಿಕ್ ಆಸಿಡ್ಡನ್ನು ಅವರಿಗೆ ಉಳಿದ 6 ದಿನ ತೆಗೆದುಕೊಳ್ಳಲು ಬರೆದಿದ್ದರು. ನಾನು ಸ್ಪಷ್ಟವಾಗಿಯೇ ಹೇಳಿದೆ. ಕೊನೆಯಲ್ಲಿ "ಅರ್ಥ ಆಯ್ತಾ ಅಮ್ಮ?" ಅಂತ ಕೇಳಿದೆ. "ಆಯ್ತು ಸಿಸ್ಟರ್" ಅಂದರು. ಎರಡೂ ಹಳದಿ ಬಣ್ಣದ ಸಣ್ಣ ಮಾತ್ರೆ. ಮನೆಗೆ ಹೋಗಿ ಅದಲುಬದಲು ಮಾಡಿಕೊಂಡರು. ಮೆಥೊಟ್ರೆಕ್ಸೇಟ್ 6 ದಿನ, ಫೋಲಿಕ್ ಆಸಿಡ್ 1 ದಿನ. ವಾಪಸ್ ಬಂದಾಗ ಬಾಯಿ ತುಂಬಾ ಹುಣ್ಣು, ಉಗುಳು ನುಂಗಲೂ ಆಗುತ್ತಿರಲಿಲ್ಲ. ರಕ್ತದಲ್ಲಿ ಬಿಳಿ ಕಣಗಳು ಇಳಿದುಹೋಗಿದ್ದವು. ಅಡ್ಮಿಟ್ ಮಾಡಿ, ಮೆಥೊಟ್ರೆಕ್ಸೇಟ್ ಜಾಸ್ತಿಯಾದಾಗ ಕೊಡುವ ಫೋಲಿನಿಕ್ ಆಸಿಡ್ ಅನ್ನುವ ಬೇರೆ ಔಷಧಿ ಕೊಟ್ಟು ಉಳಿಸಿಕೊಂಡರು. ಯಾರೂ ನನ್ನನ್ನು ಬೈಯಲಿಲ್ಲ, ಚೀಟಿಯಲ್ಲಿ ಎಲ್ಲ ಸರಿಯಾಗೇ ಇತ್ತು. ಆದರೆ ಹಾಸಿಗೆ ಪಕ್ಕ ನಿಂತಾಗ ಆಯಮ್ಮ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನಾನು ನೀವು ಹೇಳಿದ ಹಾಗೇ ತಗೊಂಡೆ ಸಿಸ್ಟರ್."

ಅವತ್ತಿನಿಂದ "ಅರ್ಥ ಆಯ್ತಾ" ಅನ್ನುವ ಪ್ರಶ್ನೆ ಬಿಟ್ಟೆ. ಅದಕ್ಕೆ ಹೌದು ಅನ್ನುವುದು ಬಿಟ್ಟು ಬೇರೆ ಉತ್ತರವೇ ಇಲ್ಲ. ಇಲ್ಲ ಅನ್ನಲು ಯಾರಿಗೆ ಧೈರ್ಯ ಬರುತ್ತದೆ ಹೇಳಿ? ಈಗ ಕೇಳುವುದು ಹೀಗೆ: "ಮನೆಗೆ ಹೋದ ಮೇಲೆ ಈ ಮಾತ್ರೆ ಯಾವಾಗ ಅಂತ ಮನೆಯವರು ಕೇಳಿದರೆ ಏನು ಹೇಳ್ತೀರಿ?" ಆಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಈ ಸುಮ್ಮನಿರುವುದು ಕಲಿಯಲು ನನಗೆ ವರ್ಷಗಳೇ ಬೇಕಾದವು. ಅವರು ತಡವರಿಸಿದರೆ ತಪ್ಪು ನಾನು ಹೇಳಿದ ರೀತಿಯಲ್ಲಿದೆ ಅಂತ ಅರ್ಥ, ಮತ್ತೆ ಬೇರೆ ಥರ ಹೇಳುತ್ತೇನೆ. ವಾರ ಯಾವುದು ಅನ್ನುವುದನ್ನು ಅವರೇ ಆರಿಸಬೇಕು. ಒಬ್ಬರು ಬುಧವಾರ ಅಂದರು, ಯಾಕೆ ಅಂದರೆ "ಅವತ್ತು ನನಗೆ ಬೇರೆ ಏನೂ ಇರಲ್ಲ". ಆ ವಾರದ ಹೆಸರನ್ನು ಡಬ್ಬಿ ಮೇಲೆ ದಪ್ಪ ಪೆನ್ನಿನಲ್ಲಿ ಅವರ ಕೈಯಲ್ಲೇ ಬರೆಸುತ್ತೇನೆ, ಪೂರ್ತಿ ಹೆಸರು. ಬರೆಯಲು ಬೆರಳು ಬಗ್ಗದಿದ್ದರೆ ನಾನು ಬರೆಯುತ್ತೇನೆ. ಈ ಮಾತ್ರೆ 2.5 ಮಿಲಿಗ್ರಾಮಿನದೂ ಸಿಗುತ್ತದೆ, 10 ಮಿಲಿಗ್ರಾಮಿನದೂ ಸಿಗುತ್ತದೆ, ಹಾಗಾಗಿ ಪ್ರತಿ ಸಲ ಸ್ಟ್ರಿಪ್ಪು ತರಿಸಿ ನೋಡುತ್ತೇನೆ. ಬೇರೆ ಡಾಕ್ಟರ ಹತ್ತಿರ ಹೋದರೆ ಮೊದಲು ಈ ಮಾತ್ರೆಯ ಹೆಸರು ಹೇಳಿ ಅಂತಲೂ ತಪ್ಪದೆ ಹೇಳುತ್ತೇನೆ. ಮೂತ್ರದ ಸೋಂಕಿಗೆ ಬರೆಯುವ ಕೋಟ್ರೈಮಾಕ್ಸಜೋಲ್ ಇದರ ಜೊತೆ ಸೇರಿದರೆ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿಯಬಹುದು.

ಇನ್ನೊಂದು ಮಾತು ಮೊದಲ ದಿನವೇ ಹೇಳಿಬಿಡಬೇಕು. ಇದು ನೋವಿನ ಮಾತ್ರೆ ಅಲ್ಲ. ನೋವಿನ ಮಾತ್ರೆ ಅವತ್ತೇ ಸಮಾಧಾನ ಕೊಡುತ್ತದೆ, ಆದರೆ ಕೀಲು ಹಾಳಾಗುವುದನ್ನು ತಡೆಯುವುದಿಲ್ಲ. ಮೆಥೊಟ್ರೆಕ್ಸೇಟ್ ತಡೆಯುತ್ತದೆ, ಆದರೆ ಅದರ ಗುಣ ಕಾಣಲು 6ರಿಂದ 12 ವಾರ ಬೇಕು. ಇದನ್ನು ಹೇಳದೆ ಕಳಿಸಿದರೆ ಮೂರನೇ ವಾರಕ್ಕೆ "ಇದರಿಂದ ಏನೂ ಆಗಲಿಲ್ಲ" ಅಂತ ಬಿಟ್ಟುಬಿಡುತ್ತಾರೆ. ನಾನಾದರೂ ಬಿಡುತ್ತಿದ್ದೆ.

ಪ್ರಶ್ನೆ ಕೇಳುವ ರೀತಿಯೇ ಈ ಕೆಲಸದ ಮುಕ್ಕಾಲು ಪಾಲು ಅಂತ ಗೊತ್ತಾದ ಮೇಲೆ ಬೇರೆ ಪ್ರಶ್ನೆಗಳನ್ನೂ ಬದಲಾಯಿಸಿದೆ. ಈ ಕಾಯಿಲೆಯಲ್ಲಿ ಬೆಳಗಿನ ಹೊತ್ತು ಕೈಕಾಲು ಹಿಡಿದುಕೊಳ್ಳುತ್ತದೆ, ಅದು ಎಷ್ಟು ಹೊತ್ತು ಇರುತ್ತದೆ ಅನ್ನುವುದು ಬಹಳ ಮುಖ್ಯ. ನೇರವಾಗಿ ಕೇಳಿದರೆ "ಸ್ವಲ್ಪ ಹೊತ್ತು" ಅನ್ನುತ್ತಾರೆ. ಅದು ಹತ್ತು ನಿಮಿಷವೋ ಅರ್ಧ ದಿನವೋ ದೇವರೇ ಬಲ್ಲ. ಹಾಗಾಗಿ ಮೊದಲು "ಎಷ್ಟು ಗಂಟೆಗೆ ಏಳ್ತೀರಿ?" ಅಂತ ಕೇಳುತ್ತೇನೆ. ಸ್ವಲ್ಪ ಬೇರೆ ಮಾತಾಡಿ ಆಮೇಲೆ "ನಲ್ಲಿ ತಿರುಗಿಸೋಕೆ, ಗುಂಡಿ ಹಾಕೋಕೆ ಕೈ ಬರೋದು ಎಷ್ಟು ಗಂಟೆಗೆ?" ಒಬ್ಬರು 6 ಗಂಟೆಗೆ ಏಳುತ್ತಿದ್ದರು, ಕೈ ಬರುತ್ತಿದ್ದದ್ದು ಒಂಬತ್ತೂವರೆಗೆ. ಅವರ ಬಾಯಲ್ಲಿ ಅದೂ "ಸ್ವಲ್ಪ ಹೊತ್ತು".

ಕೀಲು ಎಣಿಸುವುದನ್ನು ಕಲಿತದ್ದು ಇನ್ನೊಂದು ಕಥೆ. ಡ್ಯಾಸ್ 28 ಅಂತ ಒಂದು ಲೆಕ್ಕ ಇದೆ. ಭುಜ, ಮೊಣಕೈ, ಮಣಿಕಟ್ಟು, ಬೆರಳ ಬುಡದ ಗೆಣ್ಣುಗಳು, ನಡುಗೆಣ್ಣುಗಳು, ಮಂಡಿ, ಎಲ್ಲ ಸೇರಿ 28 ಕೀಲು. ಒತ್ತಿದರೆ ನೋವು ಎಷ್ಟರಲ್ಲಿ, ಊತ ಎಷ್ಟರಲ್ಲಿ ಅಂತ ಎಣಿಸಿ, ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ ಇಎಸ್ಆರ್ ಇಲ್ಲವೇ ಸಿಆರ್‌ಪಿ ಸೇರಿಸಿ, ರೋಗಿಗೆ ತಾನು ಹೇಗಿದ್ದೇನೆ ಅನ್ನಿಸುತ್ತದೆ ಅನ್ನುವುದನ್ನು 0ಯಿಂದ 100ರ ಗೆರೆ ಮೇಲೆ ಗುರುತು ಹಾಕಿಸಿದರೆ ಒಂದು ಅಂಕಿ ಬರುತ್ತದೆ. 5.1ಕ್ಕಿಂತ ಜಾಸ್ತಿ ಇದ್ದರೆ ಕಾಯಿಲೆ ಜೋರಾಗಿದೆ. 2.6ಕ್ಕಿಂತ ಕಡಿಮೆ ಇದ್ದರೆ ಹತೋಟಿಗೆ ಬಂದಿದೆ. ಎಷ್ಟು ಒತ್ತಬೇಕು? ನನ್ನ ಹೆಬ್ಬೆರಳ ಉಗುರಿನ ತುದಿ ಬೆಳ್ಳಗಾಗುವಷ್ಟು. ಮೊದಲ ಆರು ತಿಂಗಳು ಒಂದೇ ರೋಗಿಯನ್ನು ಡಾಕ್ಟರು ಒಮ್ಮೆ ಎಣಿಸುವುದು, ನಾನು ಒಮ್ಮೆ ಎಣಿಸುವುದು, ಆಮೇಲೆ ಎರಡೂ ಹಾಳೆ ಇಟ್ಟು ನೋಡುವುದು, ಹೀಗೆ ನಡೆಯಿತು. ನೋವಿನ ಲೆಕ್ಕ ಸರಿಹೋಗುತ್ತಿತ್ತು, ಊತದಲ್ಲಿ ಎಡವುತ್ತಿದ್ದೆ. ದಪ್ಪ ಬೆರಳಿಗೂ ಊದಿದ ಬೆರಳಿಗೂ ಇರುವ ವ್ಯತ್ಯಾಸ ಕಣ್ಣಿಗಲ್ಲ, ಬೆರಳಿಗೆ ಗೊತ್ತಾಗಬೇಕು. ಮೂಳೆ ಗಟ್ಟಿ, ಊತ ಮೆತ್ತಗೆ. ಮುಷ್ಟಿ ಹಿಡಿಸಿದರೆ ಗೆಣ್ಣುಗಳ ನಡುವಿನ ತಗ್ಗು ಮುಚ್ಚಿಹೋಗಿರುತ್ತದೆ.

ಆ 28ರಲ್ಲಿ ಪಾದ ಇಲ್ಲ! ಕಾಯಿಲೆ ಎಷ್ಟೋ ಜನರಿಗೆ ಶುರುವಾಗುವುದೇ ಪಾದದ ಮುಂಭಾಗದಲ್ಲಿ, ಲೆಕ್ಕದಲ್ಲಿ ಮಾತ್ರ ಅದಕ್ಕೆ ಜಾಗ ಇಲ್ಲ. ಅಂಕಿ 2.4 ಬಂದು ಎಲ್ಲ ಚೆನ್ನಾಗಿದೆ ಅಂತ ಫೈಲ್ ಮುಚ್ಚಿದ ಮೇಲೆ, ಆ ಮನುಷ್ಯ ಬಾಗಿಲವರೆಗೂ ಹಿಮ್ಮಡಿ ಮೇಲೆ ನಡೆದುಕೊಂಡು ಹೋಗುವುದನ್ನು ನೋಡಿ ವಾಪಸ್ ಕರೆದಿದ್ದೇನೆ. ಈಗ ಯಾರೇ ಬರಲಿ, ಮೊದಲು ಚಪ್ಪಲಿ ಬಿಚ್ಚಿಸುತ್ತೇನೆ. ಬಿಚ್ಚುವುದಕ್ಕೆ ಎಷ್ಟು ಕಷ್ಟಪಡುತ್ತಾರೆ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಇಂಜೆಕ್ಷನ್ ಕಲಿಸುವುದು ನನಗೆ ಇಷ್ಟದ ಕೆಲಸ. ಮಾತ್ರೆಗೆ ಬಗ್ಗದಿದ್ದರೆ ಬಯೊಲಾಜಿಕ್, ಅಂದರೆ ಜೀವಕೋಶಗಳಿಂದ ತಯಾರಿಸಿದ ಔಷಧಿಗಳಿಗೆ ಹೋಗುತ್ತಾರೆ. ಅಡಾಲಿಮುಮಾಬ್ ಆದರೆ ಸಾಮಾನ್ಯವಾಗಿ 2 ವಾರಕ್ಕೊಮ್ಮೆ, ಇಟಾನರ್ಸೆಪ್ಟ್ ಆದರೆ ವಾರಕ್ಕೊಮ್ಮೆ. ಶುರು ಮಾಡುವ ಮೊದಲು ಕ್ಷಯ, ಹೆಪಟೈಟಿಸ್ ಬಿ ಇದೆಯಾ ಅಂತ ಪರೀಕ್ಷೆ ಆಗಿರಲೇಬೇಕು. ಮೈಯೊಳಗೆ ಸುಮ್ನೆ ಮಲಗಿದ್ದ ಕ್ಷಯ ಈ ಔಷಧಿಯಿಂದ ಎದ್ದು ಕೂರಬಹುದು. ಆ ರಿಪೋರ್ಟು ನನ್ನ ಕಣ್ಣಿಗೆ ಬೀಳುವವರೆಗೆ ಔಷಧಿ ತುಂಬಿದ ಇಂಜೆಕ್ಷನ್ ಪೆನ್ನು ಹೊರಗೆ ತೆಗೆಯುವುದಿಲ್ಲ, ಯಾರು ಎಷ್ಟೇ ಅವಸರ ಮಾಡಲಿ.

ಮೊದಲ ಇಂಜೆಕ್ಷನ್ ಅವರ ಕೈಯಿಂದಲೇ. ನಾನು ಒಂದು ಸಲ ಚುಚ್ಚಿಕೊಟ್ಟರೆ ಮುಂದಿನ ಸಲವೂ ನನ್ನ ಮುಖ ನೋಡುತ್ತಾರೆ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ, ತಣ್ಣಗಿದ್ದರೆ ಉರಿ ಜಾಸ್ತಿ. ತೊಡೆ ಇಲ್ಲವೇ ಹೊಟ್ಟೆ, ಹೊಕ್ಕಳಿಂದ 5 ಸೆಂಟಿಮೀಟರ್ ದೂರ, ಪ್ರತಿ ಸಲ ಜಾಗ ಬದಲಾಯಿಸಿ. ಇದೆಲ್ಲ ಪೆಟ್ಟಿಗೆಯೊಳಗಿನ ಹಾಳೆಯಲ್ಲೂ ಇರುತ್ತದೆ. ಆದರೆ ಹೆಬ್ಬೆರಳು ಬಗ್ಗದವರು ಪೆನ್ನಿನ ಗುಂಡಿ ಒತ್ತುವುದು ಹೇಗೆ ಅನ್ನುವುದು ಹಾಳೆಯಲ್ಲಿ ಇರುವುದಿಲ್ಲ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಅಂಗೈಯ ಬುಡದಿಂದ ಒತ್ತಬೇಕು. ಇದನ್ನು ನನಗೆ ಹೇಳಿಕೊಟ್ಟವರು ಒಬ್ಬ ರೋಗಿಯೇ. ಮನೆಯಲ್ಲಿ ಎಲ್ಲಿ ಇಡುತ್ತಾರೆ ಅಂತಲೂ ಕೇಳಬೇಕು. 2ರಿಂದ 8 ಡಿಗ್ರಿ ಅಂತ ಹೇಳಿ ಕಳಿಸಿದ್ದೆ, ಒಬ್ಬರು ಜೋಪಾನವಾಗಿರಲಿ ಅಂತ ಫ್ರೀಜರಿನಲ್ಲಿ ಇಟ್ಟಿದ್ದರು. ಹೆಪ್ಪುಗಟ್ಟಿದ ಔಷಧಿ ಕರಗಿದರೂ ಬಳಸುವ ಹಾಗಿಲ್ಲ, ಎಲ್ಲ ಬಿಸಾಡಬೇಕಾಯಿತು. ಈಗ ಡಿಗ್ರಿ ಲೆಕ್ಕ ಹೇಳಿದ ಮೇಲೆ "ಫ್ರಿಜ್ಜಿನ ಯಾವ ಖಾನೆಯಲ್ಲಿ ಇಡ್ತೀರಿ?" ಅಂತಲೂ ಕೇಳುತ್ತೇನೆ.

ಆಮೇಲೆ ಫೋನು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಯೂಲಾರ್ ಈ ಥರದ ಕೀಲುರೋಗಗಳಲ್ಲಿ ನರ್ಸ್ ಏನು ಮಾಡಬೇಕು ಅಂತ 2012ರಲ್ಲಿ ಶಿಫಾರಸುಗಳನ್ನು ಹೊರಡಿಸಿತ್ತು, 2018ರಲ್ಲಿ ಅದನ್ನು ಪರಿಷ್ಕರಿಸಿತು. ಬೇಕೆಂದಾಗ ರೋಗಿಗೆ ನರ್ಸ್ ಸಿಗಬೇಕು ಅನ್ನುವುದು ಅದರಲ್ಲಿ ಒಂದು. ಓದುವಾಗ ಇದೇನು ಮಹಾ ಅನ್ನಿಸಿತ್ತು. ಫೋನ್ ನನ್ನ ಮೇಜಿನ ಮೇಲೆ ಬಂದ ಮೇಲೆ ಗೊತ್ತಾಯಿತು, ಹತ್ತರಲ್ಲಿ ಎಂಟು ಫೋನು ನಾಳೆಗೆ ಕಾಯಬಹುದು, ಉಳಿದೆರಡು ಕಾಯುವ ಹಾಗಿಲ್ಲ. ಬಯೊಲಾಜಿಕ್ ತೆಗೆದುಕೊಳ್ಳುವವರಿಗೆ ಜ್ವರ ಬಂದರೆ ಮುಂದಿನ ಇಂಜೆಕ್ಷನ್ ನಿಲ್ಲಿಸಿ ಡಾಕ್ಟರನ್ನು ಕೇಳಬೇಕು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಹೊಸದಾಗಿ ಒಣ ಕೆಮ್ಮು, ಉಸಿರು ಕಟ್ಟಿದ ಹಾಗೆ ಆದರೆ ಅವತ್ತೇ ನೋಡಬೇಕು. ಎಲ್ಲಕ್ಕಿಂತ ನನಗೆ ಭಯ ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ ಬಿಸಿಯಾಗಿ ಮುಟ್ಟಲಾಗದಷ್ಟು ನೋಯುವುದು. "ಕಾಯಿಲೆ ಮತ್ತೆ ಕೆರಳಿದೆ ಸಿಸ್ಟರ್, ಅದೇ ಹಳೇ ನೋವು" ಅಂತ ಅವರೇ ಹೇಳಿದರೂ ನಾನು ಒಪ್ಪುವುದಿಲ್ಲ. ಕೀಲೊಳಗೆ ಕೀವಾಗಿಲ್ಲ ಅಂತ ಖಾತ್ರಿ ಆಗುವವರೆಗೆ ಅದು ಹಳೇ ನೋವಲ್ಲ. ಅವತ್ತೇ ಬರಹೇಳುತ್ತೇನೆ.

ಕೆಲವು ವಿಷಯ ಅವರಾಗಿ ಎತ್ತುವುದಿಲ್ಲ. ಸುಸ್ತು, ಅದು ನಿದ್ದೆ ಮಾಡಿದರೂ ಹೋಗದ ಸುಸ್ತು. ಮನಸ್ಸು ಕುಗ್ಗುವುದು. ಗಂಡ ಹೆಂಡತಿ ನಡುವಿನದು. ಇವನ್ನು ಸುತ್ತಿಬಳಸಿ ಕೇಳಿದರೆ ಅವರೂ ಸುತ್ತಿಬಳಸಿ ಹೇಳುತ್ತಾರೆ. "ಈ ಕಾಯಿಲೆ ಇರುವ ಎಷ್ಟೋ ಜನ ಹೀಗೆ ಹೇಳ್ತಾರೆ, ನಿಮಗೂ ಹಾಗಾಗುತ್ತಾ?" ಅಂತ ಕೇಳಿದರೆ ಒಂಟಿಯಲ್ಲ ಅನ್ನಿಸಿ ಬಾಯಿ ಬಿಡುತ್ತಾರೆ. ಒಬ್ಬ ಹುಡುಗಿ ಮದುವೆಯಾಗಿ ಮಗು ಬೇಕು ಅಂತ ಯಾರಿಗೂ ಹೇಳದೆ ಎಲ್ಲ ಮಾತ್ರೆ ನಿಲ್ಲಿಸಿಬಿಟ್ಟಿದ್ದಳು. ಮೆಥೊಟ್ರೆಕ್ಸೇಟ್ ನಿಲ್ಲಿಸಬೇಕಾದದ್ದು ನಿಜ, ಅದೂ ಗರ್ಭ ಕಟ್ಟುವ ಮೊದಲೇ. ಆದರೆ ಬಸುರಿನಲ್ಲೂ ಮುಂದುವರಿಸಬಹುದಾದ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್ ಇವೆ. ಆ ವಿಷಯ ಅವಳಿಗೆ ಹೇಳಿದವರೇ ಇಲ್ಲ. ನಾವು ಕೇಳಿರಲೂ ಇಲ್ಲ. ಬರುವ ಹೊತ್ತಿಗೆ ಎರಡೂ ಮಣಿಕಟ್ಟು ಊದಿದ್ದವು. ಮದುವೆಯಾದವರು ಆಗದವರು ಅಂತ ನೋಡದೆ, ಬಸಿರಾಗುವ ವಯಸ್ಸಿನ ಎಲ್ಲರನ್ನೂ ಈಗ ಮೊದಲ ದಿನವೇ ಕೇಳುತ್ತೇನೆ.

ರಕ್ತಪರೀಕ್ಷೆ ನೆನಪಿಸುವುದು, ಧೂಮಪಾನ ಬಿಡಿ ಅಂತ ಹೇಳುವುದು, ಭಾರದ ಚೀಲವನ್ನು ಬೆರಳಿಗೆ ಬದಲು ಮುಂಗೈಗೆ ನೇತುಹಾಕಿಕೊಳ್ಳಿ ಅನ್ನುವುದು, ಇವೆಲ್ಲ ದಿನಾ ಇದ್ದೇ ಇರುತ್ತವೆ.

ಕಳೆದ ವಾರ ಒಬ್ಬರು ಬಂದಿದ್ದರು. ಒಂದು ವರ್ಷದಿಂದ ಅಂಕಿ 2.6ರ ಕೆಳಗೇ ಇದೆ. ಖುಷಿಯಾಗಿ ಕೂತು, "ಸಿಸ್ಟರ್, ಈ ಮಾತ್ರೆ ನಿಲ್ಲಿಸಬಹುದಾ?" ಅಂತ ಕೇಳಿದರು. ಹೌದು ಇಲ್ಲ ಅನ್ನುವುದು ನನ್ನ ಕೆಲಸ ಅಲ್ಲ, ಅದು ಡಾಕ್ಟರು ನಿಧಾನವಾಗಿ ಇಳಿಸುತ್ತಾ ನೋಡಬೇಕಾದದ್ದು. ನಾನು ಮುಖ ನೋಡಿಕೊಂಡು ಕೇಳಿದೆ, "ಸರ್, ನಿಲ್ಲಿಸಿ ಎಷ್ಟು ದಿನ ಆಯ್ತು?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. "ಎರಡು ತಿಂಗಳಾಯ್ತು."

"ಸರಿ, ಚಪ್ಪಲಿ ಬಿಚ್ಚಿ" ಅಂದೆ.