ಯುದ್ಧವಿಮಾನದಿಂದ ಗಗನನೌಕೆಗೆ: ಒಂದು ವೃತ್ತಿಯನ್ನು ತರಗತಿಯಲ್ಲಿ ಕಲಿಸಿದ ನನ್ನ ಅನುಭವ

ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. 2025ರಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದ ಮೇಲೆ, ವಾಯುಪಡೆಯ ಪೈಲಟ್ ಒಬ್ಬರು ಗಗನಯಾತ್ರಿಯಾಗುವ ದಾರಿಯನ್ನು ಒಂಬತ್ತನೆಯ ತರಗತಿಯವರಿಗೆ ಕೆಲವು ಪಾಠಗಳಾಗಿ ಹೇಳಿಕೊಟ್ಟೆ. ಅದನ್ನು ಸಾಹಸದ ಕಥೆಯಾಗಿ ಹೇಳದೆ, ದಿನನಿತ್ಯ ಮಾಡುವ ಒಂದು ಕೆಲಸವಾಗಿ ಹೇಳಬೇಕೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. ಹಟ್ಟಿ ಚಿನ್ನದ ಗಣಿ ನಮ್ಮ ತಾಲೂಕಿನಲ್ಲೇ ಇರುವುದರಿಂದ, ಪಾಳಿಯ ಮೇಲೆ ಭೂಮಿಯೊಳಗೆ ಇಳಿದು ಬರುವ ತಂದೆ, ದೊಡ್ಡಪ್ಪಂದಿರನ್ನು ಕಂಡ ಮಕ್ಕಳು ತರಗತಿಯಲ್ಲಿದ್ದಾರೆ. ಅಪಾಯದ ಕೆಲಸ ಎಂದರೇನು ಎಂಬುದನ್ನು ಅವರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ.

ಮೊದಲ ಪಾಠಕ್ಕೆ ಬೇಕಾದದ್ದು ಉದ್ದನೆಯ ಕಾಗದದ ಪಟ್ಟಿ ಮತ್ತು ಅಳತೆಪಟ್ಟಿ ಮಾತ್ರ. ಒಂದು ವರ್ಷಕ್ಕೆ 20 ಸೆಂಟಿಮೀಟರ್ ಎಂದು ಲೆಕ್ಕ ಹಿಡಿದು ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ ರಾಕೇಶ್ ಶರ್ಮಾ ಅವರ ವೃತ್ತಿಜೀವನವನ್ನು ಗೋಡೆಯ ಮೇಲೆ ಅಂಟಿಸಿದೆವು. ಪಟಿಯಾಲದಲ್ಲಿ ಹುಟ್ಟಿ, ನಮ್ಮ ಜಿಲ್ಲೆಯ ಹಿರಿಯರಿಗೆ ಚೆನ್ನಾಗಿ ಪರಿಚಯವಿರುವ ಹೈದರಾಬಾದಿನಲ್ಲಿ ಓದಿದ ಅವರು, 1966ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಸೇರಿದರು. 1970ರಲ್ಲಿ ವಾಯುಪಡೆಯ ಪೈಲಟ್ ಆದರು. 1971ರ ಯುದ್ಧದಲ್ಲಿ ಮಿಗ್-21 ವಿಮಾನವನ್ನು 21 ಬಾರಿ ಕಾರ್ಯಾಚರಣೆಗೆ ಹಾರಿಸಿದರು. 1982ರಲ್ಲಿ ಬಾಹ್ಯಾಕಾಶ ಯಾನಕ್ಕೆ ಆಯ್ಕೆಯಾದರು. ಮಾಸ್ಕೋ ಸಮೀಪದ ಸ್ಟಾರ್ ಸಿಟಿಯಲ್ಲಿ ರಷ್ಯನ್ ಭಾಷೆಯನ್ನೂ ಕಲಿತು ತರಬೇತಿ ಮುಗಿಸಿ, 1984ರ ಏಪ್ರಿಲ್ 3ರಂದು ಬೈಕನೂರು ಉಡಾವಣಾ ಕೇಂದ್ರದಿಂದ ಸೋಯುಜ್ ಟಿ-11 ನೌಕೆಯಲ್ಲಿ ಹೊರಟು ಸೋವಿಯತ್ ಒಕ್ಕೂಟದ ಸಲ್ಯೂತ್-7 ಬಾಹ್ಯಾಕಾಶ ನಿಲ್ದಾಣ ತಲುಪಿದರು. ಅಕಾಡೆಮಿಯಿಂದ ಬೈಕನೂರಿನವರೆಗೆ ಪಟ್ಟಿಯ ಉದ್ದ ಮೂರೂವರೆ ಮೀಟರನ್ನು ದಾಟಿತು. ಅವರು ಬಾಹ್ಯಾಕಾಶದಲ್ಲಿ ಕಳೆದ 7 ದಿನ, 21 ಗಂಟೆ, 40 ನಿಮಿಷವನ್ನು ಅದೇ ಅಳತೆಯಲ್ಲಿ ಗುರುತಿಸಲು ಹೋದರೆ ಸಿಕ್ಕದ್ದು ನಾಲ್ಕು ಮಿಲಿಮೀಟರಿಗಿಂತ ತುಸು ಹೆಚ್ಚು. ಮಕ್ಕಳು ನಂಬದೆ ಇನ್ನೊಮ್ಮೆ ಭಾಗಾಕಾರ ಮಾಡಿದರು. ಶುಕ್ಲಾ ಅವರ ಪಟ್ಟಿ ಇನ್ನೂ ಉದ್ದ: 2006ರಲ್ಲಿ ವಾಯುಪಡೆಯ ಅಧಿಕಾರಿಯಾದವರು 2025ರ ಜೂನ್ 25ರಂದು ಫಾಲ್ಕನ್-9 ರಾಕೆಟ್‌ನಲ್ಲಿ ಹೊರಟು ಜುಲೈ 15ರಂದು ಸಮುದ್ರಕ್ಕಿಳಿದರು. ಅಷ್ಟು ವರ್ಷಗಳ ಪಟ್ಟಿಯಲ್ಲಿ ಆ ಯಾನಕ್ಕೆ ಬಂದದ್ದು ಹನ್ನೊಂದು ಮಿಲಿಮೀಟರ್.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ಪಟ್ಟಿ ಅಷ್ಟೇ ಉದ್ದ ಇದ್ದು ಈ ನಾಕು ಮಿಲಿಮೀಟರ್ ಇಲ್ದವ್ರು ಯಾರರ ಅದಾರೇನ್ರಿ?" ಎಂದು ಕೇಳಿದ. ಇದ್ದಾರೆ. ಶರ್ಮಾ ಅವರ ಜೊತೆ ಅದೇ ತರಬೇತಿಯನ್ನು ಪೂರ್ತಿ ಮುಗಿಸಿದ ರವೀಶ್ ಮಲ್ಹೋತ್ರಾ ಅವರು ಬದಲಿ ಗಗನಯಾತ್ರಿಯಾಗಿ ನೆಲದಲ್ಲೇ ಉಳಿದರು. ಶುಕ್ಲಾ ಅವರಿಗೆ ಪ್ರಶಾಂತ್ ಬಾಲಕೃಷ್ಣನ್ ನಾಯರ್ ಅವರು ಹಾಗೆಯೇ ಬದಲಿಯಾಗಿ ಸಿದ್ಧರಿದ್ದರು. ಅವರಿಬ್ಬರ ಪಟ್ಟಿಗಳನ್ನೂ ಪಕ್ಕದಲ್ಲಿ ಅಂಟಿಸಿದೆವು. ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಎಂಬ ಇಂದಿರಾ ಗಾಂಧಿಯವರ ಪ್ರಶ್ನೆಗೆ ಶರ್ಮಾ ಅವರು ಕೊಟ್ಟ "ಸಾರೇ ಜಹಾಂ ಸೇ ಅಚ್ಛಾ" ಎಂಬ ಪ್ರಸಿದ್ಧ ಉತ್ತರವನ್ನು ನಾನಾಗಿ ಪಾಠಕ್ಕೆ ತರುವುದಿಲ್ಲ. ಅದು ಬಂದೊಡನೆ ತರಗತಿ ಚಪ್ಪಾಳೆ ತಟ್ಟಿ ಸುಮ್ಮನಾಗುತ್ತದೆ, ಪ್ರಶ್ನೆಗಳು ನಿಂತುಹೋಗುತ್ತವೆ.

ಯುದ್ಧವಿಮಾನದವರನ್ನೇ ಏಕೆ ಆರಿಸಿದರು ಎಂಬ ಪ್ರಶ್ನೆಗೆ ಹೆಚ್ಚು ಸಮಯ ಕೊಟ್ಟೆ. 1959ರಲ್ಲಿ ಅಮೆರಿಕ ಆರಿಸಿದ ಮೊದಲ ಏಳು ಗಗನಯಾತ್ರಿಗಳೂ ಸೇನೆಯ ಪರೀಕ್ಷಾ ಪೈಲಟ್‌ಗಳಾಗಿದ್ದರು, ಅಂದರೆ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವವರು; 1961ರ ಏಪ್ರಿಲ್ 12ರಂದು 108 ನಿಮಿಷಗಳ ಯಾನ ಮಾಡಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯನಾದ ಸೋವಿಯತ್ ಒಕ್ಕೂಟದ ಗಗಾರಿನ್ ಕೂಡ ಯುದ್ಧವಿಮಾನದ ಪೈಲಟ್. ಕಾರಣದ ಒಂದು ಭಾಗ ದೇಹಕ್ಕೆ ಸಂಬಂಧಿಸಿದ್ದು. ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ನೀರು ತುಂಬಿ ಮೈದಾನದಲ್ಲಿ ತಿರುಗಿಸಿ, ಹಗ್ಗದ ಎಳೆತವನ್ನು ಒಬ್ಬೊಬ್ಬರ ಕೈಗೂ ತಿಳಿಸಿದ ಮೇಲೆ ಲೆಕ್ಕಕ್ಕೆ ಬಂದೆವು. ವಿಮಾನವು ಬಿರುಸಾಗಿ ತಿರುಗುವಾಗ 9 ಜಿ ಬಲ, ಅಂದರೆ ನೆಲದ ಮೇಲಿನ ಭೂಮಿಯ ಸೆಳೆತದ ಒಂಬತ್ತು ಪಟ್ಟು, ಬಿದ್ದರೆ 40 ಕಿಲೋ ತೂಗುವ ವಿದ್ಯಾರ್ಥಿಯ ಭಾರ 360 ಕಿಲೋ ಆಗುತ್ತದೆ, ಅಂದರೆ ಕ್ವಿಂಟಲ್ ಜೋಳದ ಮೂರೂವರೆ ಚೀಲಗಳನ್ನು ಮೈಮೇಲೆ ಹೇರಿದಂತೆ. ಆ ಹೊತ್ತಿನಲ್ಲಿ ರಕ್ತ ಕಾಲುಗಳ ಕಡೆ ಇಳಿದು, ಮೊದಲು ಕಣ್ಣಿಗೆ ಬಣ್ಣ ಮಾಸಿ, ಆಮೇಲೆ ಕತ್ತಲಾಗಿ, ಕೊನೆಗೆ ಪ್ರಜ್ಞೆಯೇ ತಪ್ಪಬಹುದು. ಕಾಲು, ಹೊಟ್ಟೆಗಳನ್ನು ಒತ್ತುವ ಉಡುಪು ಹಾಗೂ ಸ್ನಾಯುಗಳನ್ನು ಬಿಗಿಹಿಡಿದು ಉಸಿರಾಡುವ ಅಭ್ಯಾಸದಿಂದ ಪೈಲಟ್ ಇದನ್ನು ತಡೆದುಕೊಳ್ಳುತ್ತಾನೆ. ರಾಕೆಟ್ ಏರುವಾಗ ಗಗನಯಾತ್ರಿಗಳನ್ನು ಬೆನ್ನ ಮೇಲೆ ಮಲಗಿಸಿರುವುದು ಏಕೆಂಬುದು ಇಷ್ಟು ತಿಳಿದ ಮೇಲೆ ಮಕ್ಕಳಿಗೆ ತಾನಾಗಿಯೇ ಹೊಳೆಯಿತು: ಬಲವು ಎದೆಯಿಂದ ಬೆನ್ನಿನ ಕಡೆಗೆ ಬಿದ್ದರೆ ರಕ್ತ ತಲೆಯಿಂದ ಕಾಲಿಗೆ ಇಳಿಯುವುದಿಲ್ಲ.

ತೂಕವಿಲ್ಲದ ಸ್ಥಿತಿಯನ್ನು ವಿವರಿಸಲು ಗಣಿಯೇ ನೆರವಾಯಿತು. ಗಣಿಯೊಳಗೆ ಜನರನ್ನು ಇಳಿಸುವ ಲಿಫ್ಟಾದ ಕೇಜ್ ಇಳಿಯಲು ಆರಂಭಿಸಿದ ಕ್ಷಣದಲ್ಲಿ ಹೊಟ್ಟೆ ಮೇಲೆ ಬಂದಂತಾಗುತ್ತದೆ ಎಂದು ತಂದೆ ಹೇಳಿದ್ದನ್ನು ಹುಡುಗಿಯೊಬ್ಬಳು ನೆನಪಿಸಿಕೊಂಡಳು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿಯೂ ಭೂಮಿಯ ಸೆಳೆತ ನೆಲದ ಮೇಲಿನದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಉಳಿದಿರುತ್ತದೆ. ನೌಕೆಯೂ ಅದರೊಳಗಿನವರೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ತೂಕ ತಿಳಿಯುವುದಿಲ್ಲ ಎಂಬುದನ್ನು ಅವಳ ಮಾತಿನಿಂದಲೇ ಮುಂದುವರಿಸಿದೆ. ಆ ಸ್ಥಿತಿಯಲ್ಲಿ ರಕ್ತ ತಲೆಯ ಕಡೆ ಸರಿದು ಮುಖ ಊದಿಕೊಳ್ಳುತ್ತದೆ. ಶರ್ಮಾ ಅವರು ಸಲ್ಯೂತ್‌ನಲ್ಲಿ ಯೋಗಾಸನಗಳನ್ನು ಮಾಡಿದ್ದೂ ದೇಹ ಇದಕ್ಕೆ ಒಗ್ಗಿಕೊಳ್ಳಲು ಅವು ನೆರವಾಗುತ್ತವೆಯೇ ಎಂದು ಪರೀಕ್ಷಿಸಲಿಕ್ಕೆ.

ಕಾರಣದ ಇನ್ನೊಂದು ಭಾಗವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಭಾರತದ ಗಗನಯಾನ ಯೋಜನೆಗೆ ಆರಿಸಿದ ನಾಲ್ವರೂ ಪರೀಕ್ಷಾ ಪೈಲಟ್‌ಗಳು. ಈ ತರಬೇತಿ ಕೊಡುವ ವಾಯುಪಡೆಯ ಶಾಲೆ ಬೆಂಗಳೂರಿನಲ್ಲೇ ಇದೆ. ಪರೀಕ್ಷಾ ಪೈಲಟ್ ಹಾರುವ ಮುನ್ನವೇ ಯಾವ ಎತ್ತರದಲ್ಲಿ, ಯಾವ ವೇಗದಲ್ಲಿ ಏನನ್ನು ನೋಡಬೇಕೆಂದು ಕಾರ್ಡಿನಲ್ಲಿ ಬರೆದುಕೊಂಡಿರುತ್ತಾನೆ. ಇಳಿದ ಮೇಲೆ, ವಿಮಾನ ಹೇಗೆ ನಡೆದುಕೊಂಡಿತು ಎಂಬುದನ್ನು ಇಂಜಿನಿಯರ್‌ಗಳಿಗೆ ಉಪಯೋಗವಾಗುವಷ್ಟು ಖಚಿತವಾಗಿ ಬರೆದುಕೊಡುತ್ತಾನೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಬೇರೆಯವರ ಪ್ರಯೋಗಗಳನ್ನು ನಡೆಸಿಕೊಡುವವನಿಗೂ ಬೇಕಾಗಿರುವುದು ಈ ಅಭ್ಯಾಸವೇ.

ಇದನ್ನು ಕಲಿಸಲು ನಮ್ಮ ಕಡೆಯದೇ ಉದಾಹರಣೆ ಸಿಕ್ಕಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿಯ ಐಐಟಿ ಸೇರಿ ರೂಪಿಸಿದ, ಹೆಸರುಕಾಳು ಮತ್ತು ಮೆಂತ್ಯಕಾಳುಗಳ ಮೊಳಕೆಯ ಪ್ರಯೋಗವನ್ನು ಶುಕ್ಲಾ ಅವರು ನಿಲ್ದಾಣದಲ್ಲಿ ನಡೆಸಿ, ಮೊಳಕೆಗಳ ಚಿತ್ರ ತೆಗೆದು, ಅವುಗಳನ್ನು ಶೈತ್ಯಪೆಟ್ಟಿಗೆಯಲ್ಲಿ ಕಾಪಿಟ್ಟರು. ನಮ್ಮ ಮಕ್ಕಳೂ ತಟ್ಟೆಗಳಲ್ಲಿ ಅದೇ ಎರಡು ಕಾಳುಗಳನ್ನು ನೆನೆಹಾಕಿದರು. ನಿಯಮ ಒಂದೇ ಇತ್ತು: ಒಂದು ತಂಡ ಬರೆದ ದಾಖಲೆಯನ್ನಷ್ಟೇ ಓದಿ, ಏನನ್ನೂ ಕೇಳದೆ, ಮತ್ತೊಂದು ತಂಡ ಕೆಲಸ ಮುಂದುವರಿಸಬೇಕು. "ಮೊಳಕೆ ಚೊಲೊ ಬಂದೈತಿ" ಎಂದು ಬರೆದ ಹಾಳೆ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಎಷ್ಟು ಮಿಲಿಮೀಟರ್, ಎಷ್ಟು ಗಂಟೆಗೆ, ಎಷ್ಟು ನೀರು ಹಾಕಿದ ಮೇಲೆ ಎಂದು ಕೇಳುವವರು ಆ ಮಕ್ಕಳೇ ಆದರು. ರಾಯಚೂರು ಸೀಮೆಯ ಬಿಸಿಲಿಗೆ ಕಾಳುಗಳಿಗೆ ಹಾಕಿದ ಒದ್ದೆ ಬಟ್ಟೆ ಮಧ್ಯಾಹ್ನದೊಳಗೆ ಒಣಗುತ್ತಿತ್ತು. ಅದನ್ನೂ ಒಂದು ತಂಡ ಸಮಯಸಹಿತ ಬರೆದಿಟ್ಟಿದ್ದರಿಂದ, ಮೊಳಕೆ ಕುಂಠಿತವಾದ ಕಾರಣವನ್ನು ಮುಂದಿನ ತಂಡದವರು ಬೇಗ ಕಂಡುಕೊಂಡರು.

ಕೊನೆಯ ಪಾಠದಲ್ಲಿ ದಾರಿಯ ವಿವರ ಹೇಳಿದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆಯನ್ನು ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನೊಳಗೆ ಸೇರಬೇಕು. ಆ ಅಕಾಡೆಮಿ ಇರುವ ಖಡಕ್‌ವಾಸ್ಲಾದ ನಂತರ ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿ. ಯುದ್ಧವಿಮಾನಕ್ಕೆ ಆರಿಸಿದವರಿಗೆ ಹಾಕ್ ಎಂಬ ತರಬೇತಿ ಜೆಟ್ ವಿಮಾನದಲ್ಲಿ ಕಲಿಕೆ ನಮ್ಮ ಬೀದರದಲ್ಲಿ. "ಹುಡುಗ್ಯಾರಿಗೂ ಅದ ಏನ್ರಿ, ಸರ್?" ಎಂದದ್ದಕ್ಕೆ, 2016ರಲ್ಲಿ ಮೊದಲ ಮೂವರು ಮಹಿಳೆಯರು ದುಂಡಿಗಲ್‌ನಲ್ಲಿ ಯುದ್ಧವಿಮಾನ ವಿಭಾಗಕ್ಕೆ ಸೇರಿ, ಬೀದರದಲ್ಲೇ ತರಬೇತಿ ಪಡೆದರೆಂದೂ, 2022ರಿಂದ ರಕ್ಷಣಾ ಅಕಾಡೆಮಿಯೂ ಹುಡುಗಿಯರಿಗೆ ತೆರೆದಿದೆಯೆಂದೂ ತಿಳಿಸಿದೆ. ಪೈಲಟ್ ಯೋಗ್ಯತಾ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಮಾತ್ರ ಬರೆಯಬಹುದು, ಕಣ್ಣಿನ ಮಾನದಂಡವೂ ಕಟ್ಟುನಿಟ್ಟು. ಇವೆಲ್ಲಕ್ಕಿಂತ ಮೊದಲು ಬರುವುದು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಆಯ್ದುಕೊಳ್ಳುವ ಪ್ರಶ್ನೆ. ಆ ತೀರ್ಮಾನ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದಲ್ಲೇ ಆಗಿಬಿಡುವುದರಿಂದ, ಈ ಪಾಠವನ್ನು ಹತ್ತನೆಯ ತರಗತಿಗೆ ಬಿಡದೆ ಒಂಬತ್ತರಲ್ಲೇ ಮುಗಿಸಿ, ಆಸಕ್ತಿ ತೋರಿದ ಮಕ್ಕಳ ಪಾಲಕರನ್ನು ಕರೆಸಿ ಮಾತನಾಡುತ್ತೇನೆ.