ಒಂದೇ ತೇವ, ಎರಡು ತೂಕ

ಮುಂಬೈ ಮಳೆಗಾಲದಲ್ಲಿ ಉಪ್ಪು ನೀರೊಡೆಯುವುದು ಎಲ್ಲರಿಗೂ ಗೊತ್ತು. ಗಾಳಿಯ ತೇವ 75% ದಾಟಿದರೆ ಅದು ಕರಗಲು ಶುರು. ಹೊಸ ಶೂ ಡಬ್ಬಿಯಲ್ಲಿ ಪುಟ್ಟ ಪೊಟ್ಟಣದಲ್ಲಿ ಬರುವ ಸಿಲಿಕಾ ಜೆಲ್ ಹಾಗಲ್ಲ. ಎಷ್ಟೋ ನೀರು ಹೀರಿದ್ದರೂ ಕಾಳು ಮುಟ್ಟಿದರೆ ಒಣಗಿಯೇ ಇರುತ್ತದೆ. ನೀರೆಲ್ಲ ಒಳಗಿನ ಸಣ್ಣ ರಂಧ್ರಗಳಲ್ಲಿ. ಹೊರಗೆ ಆವಿಯಾಗಿಯೇ ಇರುವ ನೀರು ಅಲ್ಲಿ ದ್ರವವಾಗಿಬಿಡುತ್ತದೆ. ಇದನ್ನು ಡೊಂಬಿವಲಿಯ ನಮ್ಮ ಮನೆಯಲ್ಲೇ ತೂಗಿ ನೋಡಿದೆ.

ಕಿರಿದಾದ ರಂಧ್ರದಲ್ಲಿ ನೀರಿನ ಮೇಲ್ಮೈ ಒಳಕ್ಕೆ ಬಾಗುತ್ತದೆ. ಬಾಗಿದಷ್ಟೂ ಆ ನೀರು ಆವಿಯಾಗುವುದು ಕಷ್ಟ. ಇದರ ಲೆಕ್ಕ ಕೊಟ್ಟವರು ವಿಲಿಯಂ ಥಾಮ್ಸನ್, 1871ರಲ್ಲಿ. ಮುಂದೆ ಲಾರ್ಡ್ ಕೆಲ್ವಿನ್ ಆದವರು ಇವರೇ. ಆ ಲೆಕ್ಕದಂತೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಾಗಿನ ತ್ರಿಜ್ಯ 10 ನ್ಯಾನೊಮೀಟರ್ ಇದ್ದರೆ ಸುಮಾರು 90% ತೇವದಲ್ಲೇ ಆವಿ ನೀರಾಗುತ್ತದೆ. 2 ನ್ಯಾನೊಮೀಟರ್ ಆದರೆ 60% ಕೂಡ ಬೇಡ.

ಮುಂಬೈನ ಪ್ರಿನ್ಸೆಸ್ ಸ್ಟ್ರೀಟಿನಿಂದ ದೊಡ್ಡ ರಂಧ್ರದ ಬಿಳಿ ಜೆಲ್ ತಂದೆ. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಮನೆಗೆ ಬೇಡವೇ ಬೇಡ. ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಸಲ್ಫೇಟ್ ಎಂಬ ಎರಡು ಲವಣ. ಒಂದೊಂದು ಲವಣವನ್ನೂ ಸ್ವಲ್ಪ ನೀರಲ್ಲಿ ಕಲಸಿ ಬೇರೆ ಬೇರೆ ಡಬ್ಬಿಗೆ ಹಾಕಿದೆ. ಪೂರ್ತಿ ಕರಗಬಾರದು, ತಳದಲ್ಲಿ ಹರಳು ಕಾಣಬೇಕು. ಆಗ ಮುಚ್ಚಿದ ಡಬ್ಬಿಯೊಳಗಿನ ತೇವ ತಾನಾಗಿಯೇ ಒಂದು ಮಟ್ಟದಲ್ಲಿ ನಿಲ್ಲುತ್ತದೆ: ಕ್ಲೋರೈಡ್‌ನಲ್ಲಿ ಸುಮಾರು 84%, ಸಲ್ಫೇಟ್‌ನಲ್ಲಿ 97%.

ಜೆಲ್ಲನ್ನು ಓವನ್‌ನಲ್ಲಿ 120 ಡಿಗ್ರಿಗೆ ಚೆನ್ನಾಗಿ ಒಣಗಿಸಿ, ಎರಡು ಬಟ್ಟಲಿಗೆ 10 ಗ್ರಾಂನಂತೆ ಹಾಕಿದೆ. ಒಂದು ನೇರವಾಗಿ 84%ಕ್ಕೆ. ಇನ್ನೊಂದು ಮೊದಲು 97%ರಲ್ಲಿ ಹೊಟ್ಟೆತುಂಬ ನೀರು ಕುಡಿದು, ಆಮೇಲೆ ಅದೇ 84%ರ ಡಬ್ಬಿಗೆ. ತೂಕ ಬದಲಾಗುವುದು ನಿಲ್ಲುವ ತನಕ ಕಾದೆ. ಇಲ್ಲಿ ಅವಸರ ನಡೆಯಲ್ಲ.

ಕೊನೆಗೂ ಎರಡರ ತೂಕ ಒಂದಾಗಲಿಲ್ಲ. ತುಂಬಿ ಬಂದ ಬಟ್ಟಲೇ ಜಾಸ್ತಿ ಭಾರ. "ಅಪ್ಪಾ, ತಕ್ಕಡಿ ಕೆಟ್ಟಿದೆಯಾ?" ಅಂದಳು ಮಗಳು. ಅವಳ ಕೈಯಲ್ಲೇ ಮತ್ತೆ ತೂಗಿಸಿದೆ, ಅದೇ ಅಂಕಿ ಬಂತು.

ನನಗೆ ಇಡೀ ಪ್ರಯೋಗದಲ್ಲಿ ತುಂಬ ಇಷ್ಟವಾಗಿದ್ದು ಇದೇ. ತುಂಬುವಾಗ ರಂಧ್ರದ ಗೋಡೆಗೆ ನೀರಿನ ಪದರ ಕೂತು, ದಪ್ಪವಾಗುತ್ತಾ ಹೋಗಿ, ಒಮ್ಮೆಲೇ ಕೂಡಿಕೊಳ್ಳಬೇಕು. ಖಾಲಿಯಾಗುವಾಗ ಬಾಯಲ್ಲಿ ಆಗಲೇ ಬಾಗಿ ನಿಂತ ಮೇಲ್ಮೈ ಹಿಂದೆ ಸರಿಯಬೇಕು. ಎರಡರ ಬಾಗೂ ಬೇರೆ, ಹಾಗಾಗಿ ಬೇಕಾದ ತೇವವೂ ಬೇರೆ. ಕೆಲವು ರಂಧ್ರಗಳ ಕತ್ತು ಕಿರಿದು, ಹೊಟ್ಟೆ ಅಗಲ. ಕತ್ತಿನ ನೀರು ಬಿಡದೆ ಹೊಟ್ಟೆಯದು ಸುಲಭವಾಗಿ ಹೊರಬರಲ್ಲ.

ನೀವೂ ಮಾಡುವುದಾದರೆ ಡಬ್ಬಿಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಡಿ. 97%ರಲ್ಲಿ ಒಂದು ಡಿಗ್ರಿ ತಂಪಾದರೂ ಮುಚ್ಚಳದಲ್ಲಿ ಹನಿ ಕಟ್ಟಿ ಬಟ್ಟಲಿಗೆ ಬೀಳಬಹುದು.