ಗ್ರಂಥಾಲಯ ಕಾಯ್ದೆಗೆ ತಿದ್ದುಪಡಿ ಬೇಕೇ? ಕಾಸರಗೋಡಿನಿಂದ ಹೀಗೆ ಹೊರಡಿ

ಕಟ್ಟಡ ತೆರಿಗೆಯ ರಶೀದಿ ಕೈಗೆ ಸಿಕ್ಕರೆ ಒಮ್ಮೆ ಪೂರ್ತಿ ಓದಿ. ತೆರಿಗೆಯ ಜೊತೆಗೆ ಲೈಬ್ರರಿ ಸೆಸ್, ಅಂದರೆ ಗ್ರಂಥಾಲಯ ಕರ, ಎಂಬ ಸಣ್ಣ ಮೊತ್ತ ಇರುತ್ತದೆ. ರೂಪಾಯಿಗೆ ಐದು ಪೈಸೆಯ ಲೆಕ್ಕ. ಸಾವಿರ ರೂಪಾಯಿ ತೆರಿಗೆಗೆ ಐವತ್ತು ರೂಪಾಯಿ. ಪುಸ್ತಕ ಮುಟ್ಟದವರೂ ಇದನ್ನು ಕಟ್ಟಲೇಬೇಕು. ವಸೂಲಿಗೆ ಆಧಾರ 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಮಂಜೇಶ್ವರ, ಕಾಸರಗೋಡು ಕಡೆಯ ಕನ್ನಡ ವಾಚನಾಲಯಗಳ ಸಭೆಗಳಲ್ಲಿ ‘ಈ ಕಾಯ್ದೆಯೇ ಬದಲಾಗಬೇಕು’ ಎಂಬ ಮಾತು ಆಗಾಗ ಏಳುತ್ತದೆ. ಬದಲಾಯಿಸಲು ಸಾಧ್ಯವಿದೆ. ಆದರೆ ಏನನ್ನು ಎಂಬುದು ಮೊದಲು ಗೊತ್ತಿರಬೇಕು.

ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಬೇರೆ ವ್ಯವಸ್ಥೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಗ್ರಂಥಾಲಯ ರಾಜ್ಯ ಪಟ್ಟಿಯ ವಿಷಯವಾದ್ದರಿಂದ ಒಂದೊಂದು ರಾಜ್ಯದ್ದು ಒಂದೊಂದು ದಾರಿ. ಕರ್ನಾಟಕದಲ್ಲಿ 1965ರ ಕಾಯ್ದೆ, ಶೇಕಡಾ 6ರ ಕರ. ತಮಿಳುನಾಡಿನಲ್ಲಿ ರೂಪಾಯಿಗೆ ಹತ್ತು ಪೈಸೆ, ಆಂಧ್ರದಲ್ಲಿ ಎಂಟು ಪೈಸೆ. ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಇಂಥ ಕರವೇ ಇಲ್ಲ. ದರಕ್ಕಿಂತ ದೊಡ್ಡ ವ್ಯತ್ಯಾಸ ಆಡಳಿತದಲ್ಲಿದೆ. ಕರ್ನಾಟಕದಲ್ಲಿ ಗ್ರಂಥಾಲಯ ನಡೆಸುವುದು ಮುಖ್ಯವಾಗಿ ಸರಕಾರ. ಕೇರಳದಲ್ಲಿ ಊರಿನವರ ಸಂಘ ನಡೆಸುತ್ತದೆ. ತಾಲೂಕು, ಜಿಲ್ಲೆ, ರಾಜ್ಯ ಎಂಬ ಮೂರು ಮೆಟ್ಟಿಲಿನ ಚುನಾಯಿತ ಕೌನ್ಸಿಲ್ ಮನ್ನಣೆ, ದರ್ಜೆ, ಅನುದಾನ ಕೊಡುತ್ತದೆ. ಆದ್ದರಿಂದ ಬೆಂಗಳೂರಿನ ಕಾಯ್ದೆಯ ವಾಕ್ಯಗಳನ್ನು ಎತ್ತಿ ತಿರುವನಂತಪುರಕ್ಕೆ ಕಳಿಸಿ ಪ್ರಯೋಜನವಿಲ್ಲ.

ಇಲ್ಲೊಂದು ಉಪಕಥೆ. 1956ಕ್ಕೆ ಮೊದಲು ಕಾಸರಗೋಡು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ 1948ರ ಮದರಾಸು ಕಾಯ್ದೆ. ರಾಜ್ಯ ಬದಲಾದರೂ 1989ರವರೆಗೆ ಕಾಸರಗೋಡು ಸೇರಿದ ಮಲಬಾರ್ ಭಾಗದಲ್ಲಿ ಅದೇ ಮುಂದುವರಿಯಿತು. ಕಾನೂನು ನಿಧಾನವಾಗಿ ಸಾಯುತ್ತದೆ, ಇನ್ನೂ ನಿಧಾನವಾಗಿ ಹುಟ್ಟುತ್ತದೆ.

ದೋಷ ಎಲ್ಲಿದೆ?

ಕೆಲಸದ ಮುಕ್ಕಾಲು ಪಾಲು ಇಲ್ಲಿಯೇ ಇದೆ. ‘ಕಾಯ್ದೆ ಸರಿಯಿಲ್ಲ’ ಎನ್ನುವ ದೂರುಗಳಲ್ಲಿ ಹಲವು ಕಾಯ್ದೆಗೆ ಸಂಬಂಧಪಟ್ಟಿರುವುದೇ ಇಲ್ಲ. ಸೆಸ್ಸಿನ ದರ, ಕೌನ್ಸಿಲ್‌ಗಳಲ್ಲಿ ಯಾರಿಗೆ ಸ್ಥಾನ ಎಂಬವು ಕಾಯ್ದೆಯ ವಿಷಯಗಳು; ಇವನ್ನು ವಿಧಾನಸಭೆ ಮಾತ್ರ ಬದಲಾಯಿಸಬಲ್ಲದು. ಕಾಯ್ದೆಯನ್ನು ಜಾರಿಗೆ ತರುವ ವಿಧಾನ ನಿಯಮಾವಳಿಯಲ್ಲಿರುತ್ತದೆ. ಅದಕ್ಕೆ ಸರಕಾರದ ಅಧಿಸೂಚನೆ ಸಾಕು. ಗ್ರಂಥಪಾಲಕರ ಗೌರವಧನ ಸರಕಾರಿ ಆದೇಶದಿಂದ ಏರುತ್ತದೆ. ‘ಎ’ಯಿಂದ ‘ಎಫ್’ ತನಕದ ದರ್ಜೆ ತೀರ್ಮಾನವಾಗುವುದು ಕೌನ್ಸಿಲ್‌ನ ಪರಿಶೀಲನೆಯಲ್ಲಿ. ಇನ್ನು ಪುಸ್ತಕ ಮೇಳದಲ್ಲಿ ಕನ್ನಡದ ಮಳಿಗೆಯೇ ಇರಲಿಲ್ಲ ಎಂಬ ದೂರು ಯಾವ ಕಾಗದದಲ್ಲೂ ಇರಲಾರದು. ಅದು ಬರೀ ರೂಢಿ. ಅದಕ್ಕೆ ಜಿಲ್ಲಾ ಕೌನ್ಸಿಲ್‌ಗೆ ಹೋಗಿ ಕೂತು ಮಾತನಾಡುವುದೇ ಮದ್ದು.

ಆದ್ದರಿಂದ ಕಾಯ್ದೆ, ನಿಯಮಾವಳಿ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನಿಮ್ಮ ಬೇಡಿಕೆಗಳ ಎದುರು ಸೆಕ್ಷನ್ ಸಂಖ್ಯೆ ಬರೆಯುತ್ತಾ ಹೋಗಿ. ಸಂಖ್ಯೆ ಸಿಗದ ಬೇಡಿಕೆಯನ್ನು ಬೇರೆ ಹಾಳೆಗೆ ಸರಿಸಿ. 1989ರಲ್ಲಿ ಬರೆದ ಪದಗಳಿಗೆ ಇಂದಿನ ಇ-ಪುಸ್ತಕ, ಡಿಜಿಟಲ್ ವಾಚನಾಲಯಗಳು ಒಗ್ಗುತ್ತವೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬಹುದು.

ಲೆಕ್ಕ ಕೇಳಿ

ಸೆಸ್ ಏರಿಸಿ ಎಂದು ಕೇಳುವುದು ಸುಲಭ. ಏರಿದ್ದನ್ನು ಕಟ್ಟುವವರು ನಮ್ಮ ನೆರೆಮನೆಯವರೇ. ಈಗ ವಸೂಲಾಗುವುದು ಎಲ್ಲಿಗೆ ಹೋಗುತ್ತದೆ ಎಂದು ಮೊದಲು ತಿಳಿಯುವುದು ನ್ಯಾಯ. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಿ ನಿಮ್ಮ ಗ್ರಾಮ ಪಂಚಾಯತ್‌ಗೆ ಅಥವಾ ನಗರಸಭೆಗೆ ಅರ್ಜಿ ಹಾಕಿ: ಕಳೆದ ಐದು ವರ್ಷಗಳಲ್ಲಿ, ವರ್ಷವಾರು, ಎಷ್ಟು ಸೆಸ್ ವಸೂಲಾಯಿತು, ಕೌನ್ಸಿಲ್‌ಗೆ ಎಷ್ಟು ಪಾವತಿಯಾಯಿತು, ಯಾವ ತಾರೀಖಿಗೆ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ. ಅಂಕಿಗಳು ಕೈಯಲ್ಲಿದ್ದರೆ ಬೇಡಿಕೆಯ ಸ್ವರೂಪವೇ ಬದಲಾಗಬಹುದು. ದರ ಏರಿಕೆಯ ಬದಲು ಪಾವತಿಗೆ ಗಡುವು, ತಪ್ಪಿದರೆ ಬಡ್ಡಿ ಎಂದು ಕೇಳುವುದು ಹೆಚ್ಚು ಗಟ್ಟಿಯಾದೀತು.

ಬರೆಯುವ ರೀತಿ

‘ಕನ್ನಡ ಗ್ರಂಥಾಲಯಗಳಿಗೆ ಅನ್ಯಾಯವಾಗಿದೆ, ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ಬರೆದ ಮನವಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಬದಲಿಗೆ ಒಂದೇ ಪುಟದಲ್ಲಿ ನಾಲ್ಕು ವಿಷಯ ಕೊಡಿ: ಈಗಿರುವ ಸೆಕ್ಷನ್ ಏನು ಹೇಳುತ್ತದೆ, ಅದರ ಜಾಗದಲ್ಲಿ ಯಾವ ಪದಗಳು ಬರಬೇಕು, ಯಾಕೆ, ಖರ್ಚೆಷ್ಟು. ಎರಡನೆಯದನ್ನು ಬರೆಯಲು ಕಷ್ಟವಾದರೆ ಬೇಡಿಕೆ ಇನ್ನೂ ಸ್ಪಷ್ಟವಾಗಿಲ್ಲ ಎಂದೇ ಅರ್ಥ.

ಇನ್ನೊಂದು ಸೂಚನೆ. ‘ಕಾಸರಗೋಡಿನ ಕನ್ನಡಿಗರಿಗೆ ಒಂದು ಸ್ಥಾನ’ ಎಂದು ಬರೆಯುವುದಕ್ಕಿಂತ ‘ಭಾಷಾ ಅಲ್ಪಸಂಖ್ಯಾತ ಪ್ರದೇಶವಿರುವ ಜಿಲ್ಲೆಯ ಕೌನ್ಸಿಲ್‌ನಲ್ಲಿ ಆ ಭಾಷೆಯ ಗ್ರಂಥಾಲಯಗಳ ಒಬ್ಬ ಪ್ರತಿನಿಧಿ’ ಎಂದು ಬರೆಯುವುದು ಜಾಣತನ. ಆಗ ಇಡುಕ್ಕಿಯ ದೇವಿಕುಳಂ, ಪಾಲಕ್ಕಾಡಿನ ಚಿಟ್ಟೂರು ಕಡೆಯ ತಮಿಳರಿಗೂ ಅದು ತಮ್ಮದೇ ಬೇಡಿಕೆಯಾಗುತ್ತದೆ. ನೂರನಲವತ್ತು ಸದಸ್ಯರ ಸಭೆಯಲ್ಲಿ ನಮ್ಮ ಜಿಲ್ಲೆಯ ಶಾಸಕರು ಐವರು ಮಾತ್ರ ಎಂಬುದು ನೆನಪಿರಲಿ.

ಭಾಷೆಯ ಬಗ್ಗೆ ಅಳುಕು ಬೇಡ. ಯಾವುದೇ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲಿ ಸೆಕ್ರೆಟೇರಿಯಟ್‌ಗೆ ಬರೆದರೆ ಕನ್ನಡದಲ್ಲೇ ಉತ್ತರ ಪಡೆಯಲು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಅವಕಾಶವಿದೆ. ಹಾಗಿದ್ದರೂ ಮನವಿಯನ್ನು ಕನ್ನಡದಲ್ಲಿ ಬರೆದು, ತಿದ್ದುಪಡಿಯ ಕರಡನ್ನು ಇಂಗ್ಲಿಷ್, ಮಲಯಾಳಂಗಳಲ್ಲೂ ಜೊತೆಗಿಡಿ. ಹಕ್ಕು ಬೇರೆ, ಕಡತ ಬೇಗ ಸಾಗುವುದು ಬೇರೆ.

ಸಾಗುವ ದಾರಿ

ಮೊದಲು ನಿಮ್ಮ ಗ್ರಂಥಾಲಯದ ಮಹಾಸಭೆಯಲ್ಲಿ ನಿರ್ಣಯ, ಅಲ್ಲಿಂದ ತಾಲೂಕು ಕೌನ್ಸಿಲ್, ಜಿಲ್ಲಾ ಕೌನ್ಸಿಲ್, ರಾಜ್ಯ ಕೌನ್ಸಿಲ್. ಇದು ನಿಧಾನದ ದಾರಿ. ಆದರೆ ಕೌನ್ಸಿಲ್ ತಾನೇ ಕೇಳಿದ ತಿದ್ದುಪಡಿಗೆ ಇಲಾಖೆಯಲ್ಲಿ ಬೆಲೆ ಹೆಚ್ಚು. ಇದೇ ಹೊತ್ತಿಗೆ ಶಾಸಕರನ್ನೂ ಕಾಣಿ. ಅವರು ಪ್ರಶ್ನೆ ಕೇಳಬಹುದು, ಖಾಸಗಿ ಮಸೂದೆ ಮಂಡಿಸಬಹುದು. ಖಾಸಗಿ ಮಸೂದೆ ಅಂಗೀಕಾರವಾಗುವುದು ತೀರಾ ಅಪರೂಪ. ಆದರೂ ಸಚಿವರಿಂದ ಉತ್ತರ ಹೊರಡಿಸಲು ಅದು ಒಳ್ಳೆಯ ಉಪಾಯ. ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರಕಾರಿ ಖಜಾನೆಯಿಂದ, ಖರ್ಚು ಬೇಡುವ ಮಸೂದೆಗೆ 207ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸು ಬೇಕಾಗುತ್ತದೆ. ಗಡುವು, ಪ್ರಾತಿನಿಧ್ಯದಂಥ ಖರ್ಚಿಲ್ಲದ ಬೇಡಿಕೆಗಳನ್ನು ಮುಂದಿಟ್ಟರೆ ಆ ತೊಡಕಿಲ್ಲ.

ಸರಕಾರವೇ ಮಸೂದೆ ತಂದರೆ ಅದು ಸಾಮಾನ್ಯವಾಗಿ ವಿಧಾನಸಭೆಯ ವಿಷಯ ಸಮಿತಿಗೆ ಹೋಗುತ್ತದೆ. ವಾಕ್ಯ ವಾಕ್ಯವನ್ನು ನೋಡುವ ಜಾಗ ಅದು. ನಿಮ್ಮ ಒಂದು ಪುಟದ ಕರಡು ಸಮಿತಿಯ ಸದಸ್ಯರ ಕೈಯಲ್ಲಿ ಸಮಿತಿ ಕೂರುವ ದಿನಕ್ಕಿಂತ ಮುಂಚೆಯೇ ಇರಬೇಕು.

ಮಸೂದೆ ಅಂಗೀಕಾರವಾಗಿ ರಾಜ್ಯಪಾಲರ ಅಂಕಿತ ಬಿದ್ದ ಕೂಡಲೇ ಸಿಹಿ ಹಂಚಬೇಡಿ. ಕಾಯ್ದೆ 1989ರದ್ದಾದರೂ ರಾಜ್ಯ ಲೈಬ್ರರಿ ಕೌನ್ಸಿಲ್ ಅಸ್ತಿತ್ವಕ್ಕೆ ಬಂದದ್ದು 1994ರಲ್ಲಿ. ಗೆಜೆಟ್‌ನಲ್ಲಿ ತಿದ್ದುಪಡಿ ಎಂದಿನಿಂದ ಜಾರಿ ಎಂದು ನೋಡಿ. ‘ಸರಕಾರ ಅಧಿಸೂಚಿಸುವ ದಿನದಿಂದ’ ಎಂದಿದ್ದರೆ ಆ ಅಧಿಸೂಚನೆಗೂ ಹೊಸ ನಿಯಮಗಳಿಗೂ ಮತ್ತೆ ಕಾಗದ ಬರೆಯಬೇಕು. ಅಲ್ಲಿಯ ತನಕ ಹಳೆಯ ನಿಯಮದಂತೆಯೇ ಲೆಕ್ಕಪತ್ರ, ದಾಸ್ತಾನು ಪುಸ್ತಕ, ಸದಸ್ಯರ ಪಟ್ಟಿ ಸರಿಯಾಗಿ ಇಟ್ಟುಕೊಳ್ಳಿ. ದರ್ಜೆಯ ಪರಿಶೀಲನೆಗೆ ಬರುವವರು ಹೊಸ ಕಾಯ್ದೆಗಾಗಿ ಕಾಯುವುದಿಲ್ಲ.